ಹಿಂದಿನ ಗಾಲಿಗೆ ಎಷ್ಟರ ಟೈರು?

ತಮ್ಮಾ, ನಮ್ಮ ಗೊಳಸಂಗಿಯಾಗ ಒಂದು ಕಾಲಕ್ಕ ರಾಜದೂತ ಗಾಡಿ ಇದ್ದಾವನ ದೊಡ್ಡ ಮನಷ್ಯಾ. ಆಮ್ಯಾಲೆ ಸ್ಪ್ಲೆಂಡರ್ ಮನಿಮನಿಗೆ ಬಂತು. ಈಗ ಎಕ್ಸ್‌ಪಲ್ಸ್, ಹಿಮಾಲಯನ್ ಅಂತ ಎತ್ತರದ ಗಾಡಿ ಬಂದಾವ. ಹೈವೇ ಬಿಟ್ಟು ಹೊಲದ ದಾರಿ, ಕೆನಾಲ್ ದಂಡಿ, ಆಲಮಟ್ಟಿ ಹಿನ್ನೀರಿನ ಬಯಲು ಅಂತ ನೀವು ಹುಡುಗ್ರು ತಿರಗ್ತೀರಿ. ತಿರಗ್ರಿ, ಯಾರು ಬ್ಯಾಡಂದಾರ? ಆದ್ರ ಗಾಡಿ ಬಂದು ತಿಂಗಳಾಗಿರಂಗಿಲ್ಲ, ‘ಕಾಕಾ, ಹಿಂದಿನ ಟೈರು ತಗದು 140ರದು ಹಾಕೋಣೇನ್ರಿ?’ ಅಂತ ಬಂದು ನಿಂತಿರ್ತೀರಿ. ಯಾಕಪಾ ಅಂದ್ರ ಎಲ್ಲಾರದೂ ಒಂದ ಉತ್ತರ, ದಪ್ಪ ಕಾಣತೈತಿ ಅಂತ.

ಅದಕ್ಕ ಎಲ್ಲಾರಿಗೂ ಕೂಡೇ ಒಂದ ಸಲ ಹೇಳಿಬಿಡ್ತೀನಿ. ನಮ್ಮ ಎರಿ ಸೀಮ್ಯಾಗ ಗಾಡಿ ಮುಂದ ಒಯ್ಯೋದು ಟೈರಿನ ಹಲ್ಲು ಮತ್ತ ಅದರೊಳಗಿನ ಹವಾ. ಅಗಲದ ವಿಚಾರ ಕಡೀಕ. ಬಾಳ ಮಂದಿಗೆ ಅಲ್ಲೀ ಮಟಾ ಹೋಗೋದ ಬೇಕಾಗಂಗಿಲ್ಲ.

• ಮೊದಲು ಟೈರಿನ ಗ್ವಾಡಿ ಮ್ಯಾಲ ಬರದಿದ್ದು ಓದಾಕ ಕಲಿ. ಎಕ್ಸ್‌ಪಲ್ಸ್ 200ರ ಹಿಂದಿನ ಟೈರಿನ ಮ್ಯಾಲ 120/80-18 ಅಂತ ಇರತೈತಿ. 120 ಅಂದ್ರ ಅಗಲ, ಮಿಲಿಮೀಟರಿನಾಗ. 80 ಮಾತ್ರ ಮಿಲಿಮೀಟರ್ ಅಲ್ಲ. ಅಗಲದಾಗ ನೂರಕ್ಕ ಎಂಬತ್ತು ಪಾಲು ಗ್ವಾಡಿ ಎತ್ತರ ಐತಿ ಅಂತ ಅದರ ಅರ್ಥ, ಅಂದ್ರ 96 ಮಿಲಿಮೀಟರ್. ಕಡೀ 18 ರಿಮ್ಮಿನ ಇಂಚು. ಒಂದ ಸಾಲಿನಾಗ ಮೂರು ನಮೂನಿ ಅಳತಿ ಕೂಡ್ಯಾವ, ಅದಕ್ಕ ಮಂದಿ ಗೊಂದಲ ಮಾಡ್ಕೋತಾರ. ಹಳೇ ಗಾಡಿಗೋಳಿಗೆ 2.75-18, 3.00-18 ಅಂತ ಬರೀ ಇಂಚಿನ ಲೆಕ್ಕ ಇತ್ತು. ಹಳೇ ಬುಲೆಟ್‌ಗೆ ಮುಂದೂ ಹಿಂದೂ 3.25-19. ಮದಲಿನ ಸ್ಪ್ಲೆಂಡರ್‌ಗೆ 2.75-18 ಬರ್ತಿತ್ತಲ್ಲ, ಅದರ ಜಾಗಾಕ್ಕ ಈಗ 80/100-18 ಬರತೈತಿ.

• ಅಗಲ ಒಂದ ನೋಡಿ ಟೈರು ಆರಿಸಬ್ಯಾಡ, ಗಾಲಿಯ ಪೂರ್ತಿ ಎತ್ತರ ಲೆಕ್ಕ ಹಾಕು. 18 ಇಂಚಿನ ರಿಮ್ ಅಂದ್ರ 457 ಮಿ.ಮೀ. ಮ್ಯಾಲೊಂದು ಕೆಳಗೊಂದು 96 ಕೂಡಿಸು, 649 ಆತು. 411 ಸಿಸಿಯ ಹಿಮಾಲಯನ್‌ದು 120/90-17. ಹಂಗ ಲೆಕ್ಕ ಹಾಕಿದ್ರ 648. ನೋಡು, ರಿಮ್ಮು ಬ್ಯಾರೆ ಇದ್ರೂ ಎತ್ತರ ಒಂದ. ಈಗ ಎಕ್ಸ್‌ಪಲ್ಸಿಗೆ ನೀ 140/80-18 ಹಾಕಿದಿ ಅನ್ನು, 681 ಆತು. ಒಂದ ಸುತ್ತಿಗೆ 10 ಸೆಂಟಿಮೀಟರ್ ಹೆಚ್ಚು ಓಡತೈತಿ. ಕೇಳಾಕ ಚಂದ ಐತಿ. ಆದ್ರ ಅದು ಗಾಡಿಯ ಗೇರ್ ನೂರಕ್ಕ ಐದರಷ್ಟು ಉದ್ದ ಮಾಡಿದಂಗ. 40 ಹಲ್ಲಿನ ಹಿಂದಿನ ಸ್ಪ್ರಾಕೆಟ್ ಬಿಚ್ಚಿ 38ರದು ಕುಂದರಿಸಿದ್ರ ಎಳೆತ ಎಷ್ಟು ಕಮ್ಮಿ ಆಗತೈತೋ ಅಷ್ಟ ಇಲ್ಲೂ ಆಗತೈತಿ. ಆ ಎಂಜಿನ್ ಶಕ್ತಿ ಏನು, 18–19 ಅಶ್ವಶಕ್ತಿ. ರಾಡ್ಯಾಗ ಒಂದನೇ ಗೇರಿನಾಗ ಎಳಿಯಾಕ ಆಗಂಗಿಲ್ಲ, ನೀ ಅರ್ಧ ಕ್ಲಚ್ಚಿನಾಗ ಜಗ್ತಿ, ಸುಟ್ಟ ವಾಸನಿ ಬರತೈತಿ. ಸ್ಪೀಡೋಮೀಟರ್ ಹಿಂದಿನ ಗಾಲಿಯಿಂದ ಲೆಕ್ಕ ತಗೊಳ್ಳೋ ಗಾಡಿ ಇದ್ರ, ಮುಳ್ಳು 60 ತೋರಿಸಿದಾಗ ನೀ 63ರ ಹತ್ರ ಇರ್ತಿ. ಗಾಡಿಯ ಹಿಂಭಾಗ ಒಂದೂವರಿ ಸೆಂಟಿಮೀಟರ್ ಮ್ಯಾಲ ಹೋಗತೈತಿ, ಅದರ ಜೋಡಿ ಸೀಟೂ ಏರತೈತಿ. ಮದಲ ತುದಿಗಾಲಿನ ಮ್ಯಾಲ ನಿಲ್ಲೋ ಹುಡುಗಗ ಇದು ಸಣ್ಣ ಮಾತಲ್ಲ. ಉಸುಕಿನಾಗ, ಕಲ್ಲಿನಾಗ ಕಾಲು ಊರಾಕ ಸಿಗದಿದ್ರ ಗಾಡಿ ಹೊಳ್ಳಿ ಬಿತ್ತಂತ ತಿಳಕೋ.

• ಈಗ ಎರಿ ಮಣ್ಣಿನ ಮಾತು. ಇದನ್ನ ಸಮಾಧಾನದಿಂದ ಕೇಳು, ಉಳದಿದ್ದೆಲ್ಲಾ ಇದರ ಮ್ಯಾಲ ನಿಂತೈತಿ. ಯೂಟ್ಯೂಬಿನಾಗ ಟೈರಿನ ಬಗ್ಗೆ ಹೇಳೋರು ಬಾಳ ಮಂದಿ ಮಲೆನಾಡಿನ ಕೆಂಪು ಮಣ್ಣಿನಾಗ, ಲಡಾಖಿನ ಕಲ್ಲಿನಾಗ ಓಡಿಸಿದವ್ರು. ಅವ್ರ ಮಾತು ಸುಳ್ಳಲ್ಲ, ಆದ್ರ ನಮ್ಮ ಮಣ್ಣು ಬ್ಯಾರೆ. ಎರಿ ನೀರು ಕುಡದ್ರ ಉಬ್ಬತೈತಿ, ಒಣಗಿದ್ರ ಬಿರೀತೈತಿ. ಹಸ್ತ, ಚಿತ್ತಿ ಮಳಿ ಹೊಡದ ಮರುದಿನ ಹೊಲದಾಗ ನಡದು ನೋಡು. ಹತ್ತು ಹೆಜ್ಜಿಗೆ ಚಪ್ಪಲಿ ಕೆಳಗ ನಾಕು ಬೆರಳು ಮಣ್ಣು ಕೂಡತೈತಿ, ಕಾಲು ಎತ್ತಾಕ ಆಗಂಗಿಲ್ಲ. ಟೈರಿಗೂ ಅದ ಆಗತೈತಿ. ಮದಲು ಹಲ್ಲಿನ ಸಂದ್ಯಾಗ ತುಂಬತೈತಿ, ಟೈರು ಬೋಳ ಆದಂಗ ಆತು. ಆಮ್ಯಾಲೆ ಮಡಗಾರ್ಡಿನ ಒಳಗ, ಸ್ವಿಂಗ್‌ಆರ್ಮಿನ ಸಂದ್ಯಾಗ ಒತ್ತೊತ್ತಿ ಕುಂಡರತೈತಿ. ಅದರಾಗ ಜೋಳದ ಕಣಕಿ ಚೂರು ಕೂಡಿದ್ವು ಅಂದ್ರ ಮುಗೀತು, ಗಾಲಿ ತಿರಗೋದ ನಿಂತು ಬಿಡತೈತಿ. ಎಂಜಿನ್ ಓಡ್ತಿರತೈತಿ, ಗೇರ್ ಬಿದ್ದಿರತೈತಿ, ಗಾಡಿ ಮಾತ್ರ ಅಲ್ಲೇ. ಆವಾಗ ತೊಗರಿ ಕಟಗಿ ಹುಡುಕಿ ಕೆತ್ತಿ ಕೆತ್ತಿ ತಗೀಬೇಕು, ಐವತ್ತು ಮಾರು ಹೋಗೂದ್ರಾಗ ಮತ್ತ ಅದ ಕೆಲಸ. ಈಗ ನೀನ ಹೇಳು, ಟೈರು ದಪ್ಪ ಹಾಕಿದ್ರ ಆ ಸಂದಿ ಹೆಚ್ಚಾಗತೈತೋ, ಕಮ್ಮಿ ಆಗತೈತೋ?

• ಇನ್ನೊಂದು ಮಾತು ಐತಿ. ಎರಿ ಹೊಲದಾಗ ಸಣ್ಣ ಮಳಿಯಾದ್ರ ಮ್ಯಾಲಿನ ಪದರ ಅಷ್ಟ ಜಾರತೈತಿ, ಕೆಳಗ ಗಟ್ಟಿ ಇರತೈತಿ. ಸಣ್ಣ ಟೈರು ಆ ಜಾರೋ ಪದರ ಸೀಳಿ ಕೆಳಗಿನ ಗಟ್ಟಿ ನೆಲ ಹಿಡೀತೈತಿ. ದಪ್ಪ ಟೈರು ಮ್ಯಾಲೇ ತೇಲಿ ಹಿಂದಿನ ಗಾಲಿ ಆ ಕಡೆ ಈ ಕಡೆ ಬಾಲ ಆಡಿಸ್ತೈತಿ. ನಮ್ಮ ಹಿರ್‍ಯಾರ ಎತ್ತಿನ ಬಂಡಿ ನೋಡೀಯಿಲ್ಲೋ? ಎದಿ ಮಟ ಎತ್ತರದ ಗಾಲಿ, ಅಗಲ ಮಾತ್ರ ಮೂರು ಬೆರಳು, ಸುತ್ತ ಕಬ್ಬಿಣದ ಹಳಿ. ಡೋಣಿ ಹೊಳಿ ದಂಡಿಯ ಕಪ್ಪು ಹೊಲದಾಗಿಂದ ಜೋಳದ ರಾಶಿ ತಂದದ್ದು ಆ ಗಾಲಿ. ಡೋಣಿ ಬೆಳೆದ್ರ ಓಣೆಲ್ಲ ಜೋಳ ಅಂತಾರಲ್ಲ, ಆ ಜೋಳ ಓಣಿಗೆ ಬಂದದ್ದು ಹಂಗ. ಎತ್ತರ ಇರಬೇಕು, ಅಗಲ ಹಿತಮಿತ ಇರಬೇಕು. ಎಕ್ಸ್‌ಪಲ್ಸಿಗೆ ಮುಂದ 21, ಹಿಂದ 18 ಇಂಚಿನ ರಿಮ್ ಕೊಟ್ಟು ಅಗಲ 120ಕ್ಕ ನಿಲ್ಲಿಸಿದ್ದೂ ಬರೀ ಚಂದಕ್ಕಲ್ಲ.

• ಮಳಿ ಜೋರು ಹೊಡದು ಎರಿ ಪೂರ್ತಿ ನೆನದಿದ್ರ ಯಾವ ಟೈರೂ ನಡಿಯಂಗಿಲ್ಲ. ಗಾಡಿ ಗರಸಿನ ದಾರಿ ಮ್ಯಾಲ ಹಚ್ಚಿ, ಹೊಲಕ್ಕ ನಡಕೋತ ಹೋಗು.

• ಸಂದಿ ಅಳೀಯೋದು ಹೆಂಗ? ಗಾಡಿ ನಡುಸ್ಟ್ಯಾಂಡಿನ ಮ್ಯಾಲ ಹಾಕು, ಇಲ್ಲಂದ್ರ ಗೆಳ್ಯಾಗ ಹಿಡಿಯಾಕ ಹೇಳು. ಟೈರಿಗೂ ಸ್ವಿಂಗ್‌ಆರ್ಮಿಗೂ ನಡುವ ಎರಡೂ ಕಡೆ ಬೆರಳು ಹಾಕಿ ನೋಡು. ಟೈರಿಗೂ ಚೈನಿಗೂ ನಡುವ ನೋಡು. ಮ್ಯಾಲ ಮಡಗಾರ್ಡಿಗೆ, ಮುಂದ ಸ್ವಿಂಗ್‌ಆರ್ಮಿನ ಅಡ್ಡಪಟ್ಟಿಗೆ ಎಷ್ಟು ಜಾಗ ಐತಿ ಅನ್ನೋದೂ ನೋಡು, ಯಾಕಂದ್ರ ಎತ್ತರದ ಟೈರು ಮೊದಲು ತಾಗೋದು ಅಲ್ಲೇ. ನನ್ನ ಲೆಕ್ಕದಾಗ ಟೈರು ಹಾಕಿದ ಮ್ಯಾಲ ಎಲ್ಲಾ ಕಡೆ ಹೆಬ್ಬೆರಳು ಸಲೀಸಾಗಿ ಹೋಗುವಷ್ಟರೆ ಜಾಗ ಉಳೀಬೇಕು. ಡಾಂಬರಿನ ಮ್ಯಾಲ ಓಡಸೋನಿಗೆ ಕಿರಿಬೆರಳಿನಷ್ಟು ಸಾಕು. ರಾಡ್ಯಾಗ ಹೋಗೋನಿಗೆ ಸಾಲಂಗಿಲ್ಲ. ಚೈನ್ ಬಿಗಿ ಮಾಡಿದಾಗ ಗಾಲಿ ಹಿಂದ ಸರೀತೈತಿ, ಹೊಸಾ ಚೈನ್ ಹಾಕಿದಾಗ ಮುಂದ ಬರತೈತಿ. ಅದಕ್ಕ ಗಾಲಿ ಪೂರ್ತಿ ಮುಂದ ಸರಿಸಿ ಅಳತಿ ತಗೊಂಡ್ರ ಮುಂದ ತಾಪತ್ರಯ ಇಲ್ಲ.

• ರಿಮ್ಮಿನ ಅಗಲ ಕೇಳೋದ ಇಲ್ಲ ನೀವು. ರಿಮ್ಮಿನ ಮ್ಯಾಲ 18×1.60, 18×2.15 ಅಂತ ಒತ್ತಿರತೈತಿ, ಒರಸಿ ನೋಡು. ಸಣ್ಣ ರಿಮ್ಮಿಗೆ ದಪ್ಪ ರಸ್ತೆ ಟೈರು ಹಾಕಿದ್ರ ಟೈರಿನ ಎರಡೂ ಅಂಚು ಒಳಗ ಜಗ್ಗಿದಂಗಾಗಿ, ನಡುಭಾಗ ಗುಂಡಗ ಉಬ್ಬಿ ನಿಲ್ಲತೈತಿ. ರಸ್ತೆಗೆ ಹತ್ತೋದು ನಡುವಿನ ಪಟ್ಟಿ ಅಷ್ಟ. ನೀ ರೊಕ್ಕ ಕೊಟ್ಟಿದ್ದು ಅಗಲಕ್ಕ, ನೆಲಕ್ಕ ಮುಟ್ಟಿದ್ದು ಮದಲಿನಷ್ಟ. ಇದಕ್ಕೊಂದು ಅಪವಾದ ಐತಿ, ಗೊತ್ತಿರಲಿ. ಎಂಡ್ಯೂರೊ ಓಟದ ಕೆಟಿಎಂ ಗಾಡಿಗೋಳಿಗೆ 2.15 ಇಂಚಿನ ಸಣ್ಣ ರಿಮ್ಮಿಗೇ 140/80-18 ಹಾಕಿ ಕೊಡ್ತಾರ. ಆ ಟೈರಿನ ಮೈಕಟ್ಟ ಬ್ಯಾರೆ, ಆ ರಿಮ್ಮಿಗಂತ ಮಾಡಿದ್ದು. ಹಂಗಂತ ಎಲ್ಲಾ 140 ಟೈರೂ ಎಲ್ಲಾ ರಿಮ್ಮಿಗೂ ಕುಂಡರಂಗಿಲ್ಲ. ಟೈರು ಮಾಡಿದವ್ರ ಪಟ್ಟಿಯಾಗ ಯಾವ ಅಳತಿಗೆ ಎಷ್ಟರಿಂದ ಎಷ್ಟರ ಮಟ ರಿಮ್ ನಡೀತೈತಿ ಅಂತ ಬರದಿರ್ತಾರ. ಮಾರಾವಗ ಅದನ್ನ ತೋರಿಸಂತ ಕೇಳು. ತೋರಿಸಾಕ ಬರದಿದ್ರ ಅಂಗಡಿ ಬದಲಿಸು.

• ಗಾಡಿ ಗಾಡಿಗೆ ನನ್ನ ಮಾತು ಹಿಂಗ. ಎಕ್ಸ್‌ಪಲ್ಸ್ 200 ಇದ್ರ 120/80-18 ಇರಲಿ. ಬಾಳಂದ್ರ 120/90-18 ಹಾಕು, ಅದೂ ಸಂದಿ ಅಳದು. ಅದು 24 ಮಿ.ಮೀ. ಎತ್ತರ ಆಗತೈತಿ. ಹಿಮಾಲಯನ್ 411 ಇದ್ರ 120/90-17 ಬೆಸ್ಟ್. 130/80-17 ಹಾಕೋರು ಅದಾರ, ಅದು 8 ಮಿ.ಮೀ. ಗಿಡ್ಡ ಆಗತೈತಿ, ಎಳೆತ ಒಂಚೂರು ಹೆಚ್ಚ ಸಿಗತೈತಿ, ತೊಂದ್ರಿ ಇಲ್ಲ. ಅಲ್ಲಿಂದ ಮುಂದ ಹೋಗಬ್ಯಾಡ. 2023ರಾಗ ಬಂದ ಹಿಮಾಲಯನ್ 450ಕ್ಕ ಕಂಪನೀನ 140/80 ಆರ್ 17 ಕೊಟ್ಟೈತಿ. ಅದಕ್ಕ 40 ಅಶ್ವಶಕ್ತಿ ಐತಿ, ಮೈಭಾರ 200 ಕಿಲೋ ಹತ್ರ ಐತಿ, ರಿಮ್ಮೂ ಅದಕ್ಕ ತಕ್ಕಂಗ ಐತಿ. ಅದನ್ನ ನೋಡಿ ನಿನ್ನ ಗಾಡಿಗೆ 140 ಕಟ್ಟಬ್ಯಾಡ. ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್‌ದು 140/70-17, ಗ್ವಾಡಿ ಗಿಡ್ಡ. ಅದು ಹೈವೇ ಗಾಡಿ, ಹೊಲದ ಮಟ ಬಂದ್ರ ಅದರ ದೊಡ್ಡ ಗುಣ ಅನ್ನಬೇಕು. ಹೀರೊ ಇಂಪಲ್ಸ್ ಇನ್ನೂ ಯಾರ ಮನ್ಯಾಗರೆ ಇದ್ರ ಮಾರಬ್ಯಾಡ್ರಿ. 2011ರಾಗ ಬಂದ ಗಾಡಿ, 150 ಸಿಸಿ, ಹಿಂದ 110/90-17, ಎರಿಗೆ ಅಷ್ಟ ಸಾಕು.

• ಸ್ಪ್ಲೆಂಡರ್, ಎಚ್‌ಎಫ್ ಡೀಲಕ್ಸ್ ಇದ್ದವ್ರು ನಮಗಲ್ಲ ಈ ಮಾತು ಅಂತ ಎದ್ದು ಹೋಗಬ್ಯಾಡ್ರಿ. ನಮ್ಮ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಸೀಮ್ಯಾಗ ಖರೇ ಆಫ್‌ರೋಡ್ ಗಾಡಿ ಅಂದ್ರ ಅವ. ಹಾಲಿನ ಕ್ಯಾನು, ಹುಲ್ಲಿನ ಹೊರಿ, ಔಷಧ ಹೊಡಿಯೋ ಪಂಪು, ಉಳ್ಳಾಗಡ್ಡಿ ಚೀಲ ಹೇರಿಕೊಂಡು ದಿನಾ ಬದುವಿನ ಮ್ಯಾಲ ಹೋಗೋದು ಯಾವ್ದು ಮತ್ತ? ಇವಕ್ಕ ಹಿಂದ 100/90-18 ಹಾಕಿಸಿ ತಂದವ್ರನ್ನ ನೋಡೀನಿ. ರಿಮ್ಮು ಸಣ್ಣದು, ಟೈರು ದೊಡ್ಡದು, 20 ಮಿ.ಮೀ. ಎತ್ತರ ಬ್ಯಾರೆ, ಚೈನ್ ಕವರಿಗೆ ತಿಕ್ಕತೈತಿ, ಮೈಲೇಜ್ ಹೊಕ್ಕೈತಿ. ಬೇಕಂದ್ರ 3.00-18ರ ಮಟ ಹೋಗು, ಅದೂ ಕವರು, ಸ್ಟ್ಯಾಂಡು ತಾಗದಂಗ ನೋಡ್ಕೊಂಡು. ಅದಕ್ಕಿಂತ ಚಲೋ ಅಂದ್ರ ಅದ 2.75 ಇಲ್ಲಾ 80/100 ಅಳತಿಯಾಗ ಹಲ್ಲು ಆಳ ಇದ್ದದ್ದು, ಗ್ವಾಡಿ ಗಟ್ಟಿ ಇದ್ದದ್ದು ಆರಸು.

• ಟಿವಿಎಸ್ ಎಕ್ಸೆಲ್‌ಗೆ ನಗತೀರಿ ನೀವು. ಅದರ ಟೈರು 2.50-16, ಮೈಭಾರ 90 ಕಿಲೋದೊಳಗ. ಹಿಮಾಲಯನ್ ಹುಗದ ಜಾಗಾದಾಗ ಅದು ದಾಟತೈತಿ, ದಾಟದಿದ್ರ ಇಬ್ಬರು ಎತ್ತಿ ಆ ಕಡೆ ಇಡ್ತಾರ.

• ಹೇರು ಹೇರಾವ್ರು ಅಳತಿ ಆದ ಮ್ಯಾಲ ಬರೋ ನಂಬರ್ ನೋಡ್ರಿ. 80/100-18 ಅಂತ ಒಂದ ಅಳತಿ ಇರತೈತಿ, ಆದ್ರ ಒಂದರ ಮ್ಯಾಲ 47 ಅಂತ, ಇನ್ನೊಂದರ ಮ್ಯಾಲ 54 ಅಂತ ಬರದಿರತೈತಿ. 47 ಅಂದ್ರ 175 ಕಿಲೋ ಹೊರೋ ಟೈರು, 54 ಅಂದ್ರ 212 ಕಿಲೋ. ಮೊದಲಿಂದು ಮುಂದಿನ ಗಾಲಿಗೆ, ಎರಡನೇದು ಹಿಂದಿನ ಗಾಲಿಗೆ. ಐವತ್ತು ರೂಪಾಯಿ ಉಳೀತೈತಿ ಅಂತ ಮುಂದಿನದನ್ನ ಹಿಂದ ಹಾಕಿ ಮ್ಯಾಲೊಂದು ಕ್ವಿಂಟಾಲ್ ಹೇರಬ್ಯಾಡ. 62 ಅಂದ್ರ 265 ಕಿಲೋ. ನಂಬರಿನ ಮುಂದಿನ ಅಕ್ಷರ ವೇಗದ್ದು: ಪಿ ಅಂತ ಇದ್ರ ತಾಸಿಗೆ 150 ಕಿ.ಮೀ. ಮಟ, ಎಲ್ ಅಂತ ಇದ್ರ 120. ನಮ್ಮ ಹೊಲದ ದಾರಿಗೆ ಎಲ್ ಸಾಕೋ ಸಾಕು. ಹೈವೇದಾಗ ವಿಜಯಪುರಕ್ಕ ಹೋಗಿ ಬರಾವ ಮಾತ್ರ ಕಂಪನಿ ಕೊಟ್ಟಿದ್ದಕ್ಕಿಂತ ಕೆಳಗಿನ ಅಕ್ಷರಕ್ಕ ಇಳೀಬಾರದು.

• ಡಾಕರ್ ರ್‍ಯಾಲಿಯ ವಿಡಿಯೋ ತೋರಿಸಿ ನನ್ನ ಜೋಡಿ ವಾದ ಮಾಡಬ್ಯಾಡ್ರಿ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಾಗ ಡಾಕರ್ ಮುಗಿಸಿದ ಮೊದಲ ಭಾರತೀಯ, 36ನೇ ಜಾಗಾದಾಗ ಬಂದ್ರು. ಉಡುಪಿ ಕಡೆಯ ಕೆ.ಪಿ. ಅರವಿಂದ್ 2019ರಾಗ ಪೆರು ದೇಶದ ಉಸುಕಿನಾಗ ಅದನ್ನ ಮುಗಿಸಿದ್ರು. ನಮ್ಮ ರಾಜ್ಯದವ್ರು, ಹೆಮ್ಮಿ ಪಡೋಣ. ಅವ್ರ ಗಾಡಿಗೆ ಹಿಂದ 140 ಅಗಲದ 18 ಇಂಚಿನ ಟೈರು ಇರತೈತಿ, ಅದೂ ಖರೇ. ಆದ್ರ ಅದು 450 ಸಿಸಿಯ ಓಟದ ಎಂಜಿನ್. ನೆಲ ಉಸುಕು ಮತ್ತ ಕಲ್ಲು. ಟೈರಿನೊಳಗ ಟ್ಯೂಬೂ ಇಲ್ಲ, ಹವಾನೂ ಇಲ್ಲ. ಮೂಸ್ ಅಂತ ರಬ್ಬರಿನ ನೊರಿಯ ಬಳಿ ತುಂಬಿರ್ತಾರ, ಪಂಕ್ಚರ್ ಅನ್ನೋ ಮಾತ ಇಲ್ಲ. ಸವದ್ರ ರಾತ್ರಿ ಬಿಡದಿಯಾಗ ಬದಲಿಸಾಕ ಮಂದಿ ಇರ್ತಾರ. ನಿನಗ ಬದಲಿಸಿ ಕೊಡಾಕ ಯಾರದಾರ?

• ಮೋಟೊಕ್ರಾಸ್ ಟೈರು ಅಗ್ಗ ಸಿಕ್ತು ಅಂತ ಯಾರರೆ ತಂದು ಕೊಟ್ಟಾಗ ಮೊದಲು ರಿಮ್ಮಿನ ಇಂಚು ನೋಡು. ಆ ಗಾಡಿಗೋಳ ಹಿಂದಿನ ರಿಮ್ಮು 19, ನಿನ್ನದು 18 ಇಲ್ಲಾ 17. ಕುಂಡರಂಗ ಇಲ್ಲ.

• ಅಳತಿ ಮುಗೀತು, ಈಗ ಹಲ್ಲು. ನಮ್ಮಲ್ಲಿ ಬಟನ್ ಟೈರು ಅಂತಾರಲ್ಲ, ದೂರ ದೂರ ಗಟ್ಟಿ ಗಟ್ಟಿ ಹಲ್ಲು ಇದ್ದದ್ದು, ಎರಿಗೆ ಅದ ಬೇಕು. ಹಲ್ಲಿನ ನಡುವ ಜಾಗ ಅಗಲ ಇದ್ದಷ್ಟೂ ಗಾಲಿ ತಿರಗಿದಾಗ ಮಣ್ಣು ಸಿಡದು ಹೊರಗ ಬೀಳತೈತಿ. ಒತ್ತೊತ್ತಿ ಹಲ್ಲಿದ್ದ ಟೈರು ಅಂಗಡ್ಯಾಗ ಜಬರದಸ್ತ್ ಕಾಣತೈತಿ, ಹೊಲದಾಗ ಎರಡ ನಿಮಿಷಕ್ಕ ಬೋಳ. ಆದ್ರ ಒಂದು ಐತಿ: ಗೊಳಸಂಗಿ ಇರೋದ ರಾಷ್ಟ್ರೀಯ ಹೆದ್ದಾರಿ 50ರ ಮ್ಯಾಲ. ಹೊಲಕ್ಕ ಹೋಗಬೇಕಾದ್ರೂ, ನಿಡಗುಂದಿಗೆ ಪೇಟಿಗೆ ಹೋಗಬೇಕಾದ್ರೂ ಅದರ ಮ್ಯಾಲ ಹತ್ತಬೇಕು, ಕೂಡಗಿ ಎನ್‌ಟಿಪಿಸಿಗೆ ಬರೋ ಲಾರಿ ಬ್ಯಾರೆ. ಪೂರಾ ಬಟನ್ ಟೈರು ಡಾಂಬರಿನ ಮ್ಯಾಲ ಗುಂಯ್ ಅಂತೈತಿ, ಬ್ರೇಕ್ ಹಿಡದ್ರ ದೂರ ಹೋಗಿ ನಿಲ್ಲತೈತಿ, ಮಳ್ಯಾಗ ಇನ್ನೂ ದೂರ. ಕೆಲವು ಟೈರಿನ ಗ್ವಾಡಿ ಮ್ಯಾಲ ‘ನಾಟ್ ಫಾರ್ ಹೈವೇ ಸರ್ವಿಸ್’ ಅಂತ ಇಂಗ್ಲಿಷಿನಾಗ ಒತ್ತಿರ್ತಾರ, ಅಂದ್ರ ಹೆದ್ದಾರಿಗೆ ಬ್ಯಾಡ ಅಂತ. ಅದನ್ನ ಹಾಕ್ಕೊಂಡು ಹೈವೇದಾಗ ಓಡಿಸಬ್ಯಾಡ. ಅರ್ಧ ರಸ್ತೆ ಅರ್ಧ ಮಣ್ಣು ಅನ್ನೋ ನಮೂನಿ ಸಿಗತೈತಿ, ನಡುವ ಹಲ್ಲು ಹತ್ರ, ಅಂಚಿಗೆ ದೂರ. ನಮ್ಮ ಊರವನಿಗೆ ನಾ ಹಾಕಿಕೊಡೋದು ಅದ. ಬಾಣದ ಗುರುತು ಗಾಲಿ ತಿರಗೋ ದಿಕ್ಕಿಗೆ ಇರಬೇಕು, ತಿರುವ್ಯಾಮುರುವ್ಯಾ ಹಾಕಿದ್ದು ಬಾಳ ನೋಡೀನಿ.

• ಅಳತಿ ಬದಲಿಸೋ ಮುಂದ ಹವಾ ಬದಲಿಸಿ ನೋಡು, ರೊಕ್ಕ ಬೀಳಂಗಿಲ್ಲ. ಗಾಡಿ ಮ್ಯಾಲಿನ ಸ್ಟಿಕರಿನಾಗ ಒಬ್ಬ ಇದ್ದಾಗ ಎಷ್ಟು, ಇಬ್ಬರು ಇದ್ದಾಗ ಎಷ್ಟು ಅಂತ ಬರದಿರತೈತಿ, ಹೈವೇಕ್ಕ ಅದ ಪ್ರಮಾಣ. ಮಣ್ಣಿಗಿಳದಾಗ ಹಿಂದ 20ರ ಹತ್ರ, ರಾಡಿ ಬಾಳ ಇದ್ರ 18 ಪಿಎಸ್‌ಐ ಮಟ ಬಿಡು. ಟೈರು ಕೆಳಗ ಒಂಚೂರು ಚಪ್ಪಟಿ ಆಗಿ ಉದ್ದಕ ನೆಲ ಹಿಡೀತೈತಿ, ಅಗಲದ ಟೈರಿನಿಂದ ನೀ ಬಯಸಿದ ಹಿಡಿತ ಅಷ್ಟರಾಗ ಸಿಗತೈತಿ. ಹಂಗ ಬಿಟ್ಟ ಹವಾದಾಗ ಕಲ್ಲಿನ ದಾರ್‍ಯಾಗ ಜೋರ್ ಓಡಿಸಿದ್ರ ಮಾತ್ರ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವ ಸಿಕ್ಕು ಎರಡು ತೂತು ಜೋಡಿಯಾಗಿ ಬೀಳತಾವ. 15ಕ್ಕಿಂತ ಕೆಳಗ ಇಳಿಸೋದಿದ್ರ ರಿಮ್ ಲಾಕ್ ಹಾಕಿಸು. ಇಲ್ಲಂದ್ರ ಎಕ್ಸಲರೇಟರ್ ಜಗ್ಗಿದಾಗ ರಿಮ್ಮು ಒಂದು ಕಡೆ ತಿರಗತೈತಿ, ಟೈರು ಅಲ್ಲೇ ಉಳೀತೈತಿ, ವಾಲ್ ಬುಡದಾಗ ಕಿತ್ತು ಬರತೈತಿ. ಹೈವೇ ಹತ್ತೋ ಮುಂದ ಮತ್ತ ಹವಾ ತುಂಬು. ಸೈಕಲ್ ಪಂಪು ಸೀಟಿಗೆ ಕಟ್ಟಿಕೊಂಡಿದ್ರ ಯಾರೂ ನಗಂಗಿಲ್ಲ, ನಕ್ಕಾವ ಸಂಜೀಕ ಅದನ್ನ ಕೇಳಿಕೊಂಡು ಬರ್ತಾನ.

• ಟೈರಿನ ಅಳತಿ ಬದಲಾದ್ರ ಟ್ಯೂಬಿನ ಅಳತೀನೂ ಬದಲಾಗಬೇಕು. ಸಣ್ಣ ಟ್ಯೂಬು ದೊಡ್ಡ ಟೈರಿನಾಗ ಹಿಗ್ಗಿ ತೆಳ್ಳಗಾಗತೈತಿ. ನಮ್ಮಲ್ಲಿ ಬಳ್ಳಾರಿ ಜಾಲಿ ಮುಳ್ಳು ಎಲ್ಲಿ ಇಲ್ಲ? ಕೆನಾಲ್ ದಂಡಿ ತುಂಬ ಅದ. ತೊಗರಿ ಕೊಯ್ದ ಹೊಲದಾಗ ಕೂಳಿ ಓರೆಯಾಗಿ ಕೊಯ್ದಿರ್ತಾರ, ಅದರ ತುದಿ ಮೊಳಿಯಂಗ ಇರತೈತಿ, ಟ್ರ್ಯಾಕ್ಟರ್ ಟೈರಿಗೂ ಬಿಡಂಗಿಲ್ಲ. ಸಾಲಿನ ನಡುವ ಹೋಗು, ಅಡ್ಡ ಹೋಗಬ್ಯಾಡ. ತಾಳಿಕೋಟಿ ಕಡೆ ಹೋದ್ರ ಪರಸಿ ಕಲ್ಲಿನ ಅಂಚು ಗ್ವಾಡಿ ಕೊಯ್ಯತೈತಿ. ಅಲ್ಲಿ ಅಗಲಕ್ಕಿಂತ ಗ್ವಾಡಿ ಎತ್ತರ ಮತ್ತ ದಪ್ಪ ಇದ್ದ ಟೈರು ಬೇಕು, ಹವಾ ಕಮ್ಮಿ ಮಾಡೋದು ಬ್ಯಾಡ.

• ಆಲಮಟ್ಟಿ ಹಿನ್ನೀರು ಸರದ ಮ್ಯಾಲಿನ ಬಯಲಿಗೆ ಬ್ಯಾಸಗ್ಯಾಗ ಹೋಗ್ತೀರಲ್ಲ, ಅಲ್ಲಿ ಹುಷಾರಪಾ. ಡ್ಯಾಮ್ ತುಂಬಿದಾಗ ಮಟ್ಟ 519.60 ಮೀಟರ್. ನೀರು ಇಳಕೋತ ಹೋದಂಗ ಹೊಸಾ ಹೊಸಾ ಬಯಲು ಬಿಚ್ಚಿಕೊಳ್ತೈತಿ, ಮ್ಯಾಲ ಒಣಗಿ ಬಿರದಿರತೈತಿ. ಕೆಳಗ ಮಾತ್ರ ವರ್ಷಾನುಗಟ್ಟಲೆ ನೀರಿನಾಗ ಕುಂತ ಹೂಳು, ಮೊಸರಿನಷ್ಟ ಗಟ್ಟಿ. ಅಲ್ಲಿ ಸಣ್ಣ ಟೈರು ಸೀಳಿಕೊಂಡು ಕೆಳಗ ಹೊಕ್ಕೈತಿ, ಸೀಳಿದ್ರೂ ಸಿಗೋ ಗಟ್ಟಿ ನೆಲ ಇಲ್ಲ. ದಪ್ಪ ಟೈರು ಹತ್ತು ಮಾರು ಮುಂದ ಹೋಗಿ ಹುಗಿತೈತಿ, ಅಷ್ಟ ಫರಕು, ಹೊರಗ ತಗಿಯಾಕ ಹತ್ತು ಮಾರು ಹೆಚ್ಚು ಹಗ್ಗ ಬೇಕು. ಮೊದಲು ಇಳದು ಹಿಮ್ಮಡಿ ಒತ್ತಿ ನೋಡು, ನೀರು ಒಸರಿದ್ರ ವಾಪಸ್ ಬಾ. ದಪ್ಪ ಟೈರು ಖರೇ ಕೆಲಸಕ್ಕ ಬರೋದು ಒಣ ಉಸುಕಿನಾಗ, ಹಳ್ಳದ ಪಾತ್ರದಾಗ. ಅಂಥಾ ಉಸುಕು ನಮ್ಮ ಕಡೆ ಉಳದಿದ್ದ ಎಷ್ಟು ಅಂತ ನಿನಗ ಗೊತ್ತೈತಿ, ರಾತ್ರೋರಾತ್ರಿ ಟ್ರ್ಯಾಕ್ಟರಿನಾಗ ಹೋಗಿಬಿಟ್ಟೈತಿ.

• ಬ್ಯಾಸಗ್ಯಾಗ ಎರಿ ಬಿರಕಿನ ಮ್ಯಾಲ ಗಾಡಿ ಹಾಕುವಾಗ ಬಿರಕಿನ ಉದ್ದಕ ಹೋಗಬ್ಯಾಡ, ಅಡ್ಡ ದಾಟು. ಇದು ಟೈರಿನ ಅಳತಿ ಮಾತಲ್ಲ, ಆದ್ರೂ ಹೇಳೀನಿ.

• ಕೊಳ್ಳೂ ಮುಂದ ತಾರೀಖು ನೋಡು. ಗ್ವಾಡಿ ಮ್ಯಾಲ ಒಂದು ಸಣ್ಣ ಮನಿಯೊಳಗ ನಾಕು ಅಂಕಿ ಇರತಾವ. 3224 ಅಂತ ಇದ್ರ 2024ರ 32ನೇ ವಾರದಾಗ ಮಾಡಿದ್ದು ಅಂತ. ಬಟನ್ ಟೈರಿಗೆ ಗಿರಾಕಿ ಕಮ್ಮಿ, ಅಂಗಡ್ಯಾಗ ಮೂರು ನಾಕು ವರ್ಷ ಕುಂತಿರತಾವ, ರಬ್ಬರ್ ಬಿರುಸಾಗಿರತೈತಿ. ಉಗುರು ಒತ್ತಿದ್ರ ಒಂಚೂರರೆ ತಗ್ಗಬೇಕು. ಐಎಸ್‌ಐ ಗುರುತು ಇರಲೇಬೇಕು. ಸವದದ್ದನ್ನ ಬದಲಿಸಾಕ ಬೋಳ ಆಗೂತನಾ ಕಾಯಬ್ಯಾಡ. ಎರಡು ಗಾಲಿ ಗಾಡಿಗೆ ಹಲ್ಲಿನ ಆಳ 0.8 ಮಿ.ಮೀ.ಗಿಂತ ಕಮ್ಮಿ ಇರಬಾರದು ಅಂತ ಕಾಯ್ದೆ ಐತಿ, ಅದು ರಸ್ತೆಗೆ. ಎರಿಗೆ ಅದರ ಬಾಳ ಮುಂಚೇನ ಹಿಡಿತ ಹೋಗಿರತೈತಿ.

• ಮುಂದಿನ ಟೈರಿನ ಅಳತಿಗೆ ಕೈ ಹಚ್ಚಬ್ಯಾಡ. ಹಿಂದ ಅಳತಿ ಬದಲಿಸಿದ್ರ ಮುಂದೂ ಬದಲಿಸಬೇಕು ಅನ್ನೋ ನೇಮ ಇಲ್ಲ. ಮುಂದ 90/90-21 ಇದ್ರ ಅದ ಇರಲಿ. ಹಲ್ಲಿನ ಜಾತಿ ಮಾತ್ರ ಹಿಂದ ಮುಂದ ಹೊಂದಬೇಕು: ಹಿಂದ ಬಟನ್ ಹಾಕಿ ಮುಂದ ನುಣ್ಣಂದು ಇಟ್ರ ರಾಡ್ಯಾಗ ಹಿಂದ ತಳ್ಳತೈತಿ, ಮುಂದ ಜಾರತೈತಿ, ನೀ ನೆಲಕ್ಕ. ಅಳತಿಯ ನಡುವ ಆರ್ ಅಂತ ಬರದು ಕಂಪನಿ ರೇಡಿಯಲ್ ಕೊಟ್ಟಲ್ಲಿ ರೇಡಿಯಲ್ ಹಾಕು, ಆರ್ ಇಲ್ಲದ ಬರೀ ಗೀಟು ಇದ್ದಲ್ಲಿ ಗೀಟಿನದ್ದ ಹಾಕು.

• ಹೊಸಾ ಟೈರು ಹಾಕಿಸಿದ ಮ್ಯಾಲ ಅಂಗಡಿ ಮುಂದನ ನಾಕು ಕೆಲಸ ನೋಡ್ಕೊಂಡು ಹೊಂಡು. ಟೈರಿನ ಅಂಚಿನ ಗೆರಿ ರಿಮ್ಮಿನ ಸುತ್ತ ಸಮ ಬಂದೈತಿಲ್ಲೋ, ವಾಲ್ ನೆಟ್ಟಗ ಐತಿಲ್ಲೋ, ಗಾಲಿ ಕೈಲೆ ತಿರುವಿದ್ರ ಎಲ್ಲರೆ ತಿಕ್ಕತೈತೋ, ಸ್ವಿಂಗ್‌ಆರ್ಮಿನ ಎರಡೂ ಕಡೆ ಗುರುತಿನ ಗೀಟು ಒಂದ ಲೆಕ್ಕಕ್ಕ ಅದಾವೋ. ಚೈನು ನಡುವ ಎತ್ತಿ ನೋಡು. ಎತ್ತರದ ಸಸ್ಪೆನ್ಷನ್ ಗಾಡಿಗೆ ಚೈನು ಸ್ಪ್ಲೆಂಡರ್‌ನಷ್ಟು ಬಿಗಿ ಇಡಂಗಿಲ್ಲ, ಸೀಟಿನ ಮ್ಯಾಲ ಕುಂತಾಗ ತಾನ ಬಿಗೀತೈತಿ. ಎಷ್ಟು ಸಡ್ಲ ಇರಬೇಕಂತ ಗಾಡಿ ಪುಸ್ತಕದಾಗ ಐತಿ. ಮೊದಲ ನೂರು ಕಿಲೋಮೀಟರ್ ಡಾಂಬರಿನ ತಿರುವಿನಾಗ ಗಾಡಿ ಮಲಗಿಸಬ್ಯಾಡ, ಹೊಸಾ ರಬ್ಬರಿನ ಮ್ಯಾಲಿನ ನುಣುಪು ಹೋಗಲಿ. ಹಳೇ ಟೈರು ಅಲ್ಲೇ ಬಿಟ್ಟು ಬರಬ್ಯಾಡ, ಇನ್ನೊಂದೀಟು ಹಲ್ಲು ಇದ್ರ ನಿಮ್ಮಪ್ಪನ ಗಾಡಿಗೆ ಬರತೈತೋ ನೋಡು, ಅಳತಿ ಕೂಡಿದ್ರ ಮಾತ್ರ.